ಉಪಸರ್ಗ ಒದಗಿದಾಗ: ವೇಷಾಂತರ, ಸಮಾಧಿಮರಣ ಮತ್ತು ನಮಸ್ಕಾರದ ಮೇರೆ

ಬೈಲಹೊಂಗಲದಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯಿದೆ. ೧೮೨೪ರಲ್ಲಿ ಕುಂಪಣಿಯ ಸೇನೆಯನ್ನು ಎದುರಿಸಿ, ಅನಂತರ ಸೆರೆಯಲ್ಲಿದ್ದು ೧೮೨೯ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ ರಾಣಿಯನ್ನೂ, ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನೂ ಈ ಸೀಮೆಯ ಜನ ಇಂದಿಗೂ ಭಕ್ತಿಯಿಂದ ಸ್ಮರಿಸುತ್ತಾರೆ. ಇಂಥವರಿಗೆ ನಾವು ‘ಹುತಾತ್ಮ’ರೆಂಬ ಶಬ್ದವನ್ನು ಬಳಸುತ್ತೇವೆ. ಹುತಾತ್ಮನೆಂದರೆ ತನ್ನನ್ನೇ ಆಹುತಿಯಾಗಿ ಕೊಟ್ಟವನು. ನಾಡಿಗಾಗಿ ಸಲ್ಲುವ ಈ ಮಾತನ್ನು ಧರ್ಮದ ವಿಷಯಕ್ಕೂ ಹಾಗೆಯೇ ಅನ್ವಯಿಸುವುದು ವಾಡಿಕೆಯಾಗಿದೆ. ಪ್ರಾಣ ಹೋದರೂ ತನ್ನ ಮತವನ್ನು ಮರೆಸದವನು ಧೀರ, ಮರೆಸಿಕೊಂಡು ಬದುಕಿದವನು ಭ್ರಷ್ಟ ಎಂಬ ತೀರ್ಪು ಕೂಡ ಅದರ ಜೊತೆಗೇ ಬಂದುಬಿಡುತ್ತದೆ.

ಜೈನ ಪರಂಪರೆಯ ತೀರ್ಪು ಹೀಗಿದೆಯೇ? ಆಪತ್ತಿನಲ್ಲಿ ಸಾಯುವುದೇ ಶ್ರಾವಕನಿಗೂ ಮುನಿಗೂ ವಿಹಿತವಾದ ಏಕೈಕ ಮಾರ್ಗವೇ? ತನ್ನ ಮತವನ್ನು ಮರೆಸಿಟ್ಟು ಉಳಿದುಕೊಂಡವನ ಸಮ್ಯಕ್ತ್ವ ಅಳಿಯುತ್ತದೆಯೇ? ಈ ಪ್ರಶ್ನೆಗಳನ್ನು ಆರಾಧನಾ ಗ್ರಂಥಗಳು, ಶ್ರಾವಕಾಚಾರಗಳು ಮತ್ತು ಕಥಾಕೋಶಗಳ ಆಧಾರದಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿವೇಚನೆಗೆ ಬೈಲಹೊಂಗಲ–ಸವದತ್ತಿ ಸೀಮೆಯಿಂದಲೇ ತೊಡಗುವುದಕ್ಕೆ ಬೇರೊಂದು ಕಾರಣವೂ ಉಂಟು. ಸವದತ್ತಿಯು ಶಾಸನಗಳ ಸುಗಂಧವರ್ತಿ. ರಟ್ಟರ ಮೊದಲ ರಾಜಧಾನಿ. ಜೆ.ಎಫ್. ಫ್ಲೀಟರು ಪ್ರಕಟಿಸಿದ ಅಲ್ಲಿಯ ಶಾಸನಗಳಲ್ಲಿ ಶಕ ೭೯೭ರ (ಕ್ರಿ.ಶ. ೮೭೫) ಕಾಲವನ್ನು ಹೇಳುವ ಶಾಸನವು ರಟ್ಟ ಪೃಥ್ವೀರಾಮನನ್ನು ಮೈಳಾಪತೀರ್ಥದ ಕಾರೇಯಗಣದ ಇಂದ್ರಕೀರ್ತಿಗಳ ಶಿಷ್ಯನೆನ್ನುತ್ತದೆ. ಶಕ ೯೦೨ರ (ಕ್ರಿ.ಶ. ೯೮೦) ಶಾಸನದಲ್ಲಿ ರಟ್ಟ ಶಾಂತಿವರ್ಮನು ತಾನು ಸುಗಂಧವರ್ತಿಯಲ್ಲಿ ಮಾಡಿಸಿದ ಜಿನಾಲಯಕ್ಕೆ ೧೫೦ ಮತ್ತರು ಭೂಮಿಯನ್ನು ಬಿಟ್ಟ ಸಂಗತಿಯಿದೆ. ಬೈಲಹೊಂಗಲದ ಶಾಸನವೊಂದರಲ್ಲಿ ಯಾಪನೀಯ ಸಂಘದ ಕಾರೇಯಗಣದ ಆಚಾರ್ಯರ ಹೆಸರುಗಳಿವೆ. ಆ ಊರಿಗೆ ಸಮೀಪದ ಕಲಭಾವಿಯ ಶಾಸನವೂ ಅದೇ ಗಣದ ಗುರುಪರಂಪರೆಯನ್ನು ಹೇಳುತ್ತದೆ. ಸವದತ್ತಿ ತಾಲ್ಲೂಕಿನ ಹೂಲಿಯ ಶಾಸನಗಳಲ್ಲಿಯೂ ಯಾಪನೀಯರಿದ್ದಾರೆ. ಒಟ್ಟಿನಲ್ಲಿ ಮಲಪ್ರಭೆಯ ಈ ಪ್ರದೇಶ ಯಾಪನೀಯರ ದೊಡ್ಡ ನೆಲೆಗಳಲ್ಲಿ ಒಂದಾಗಿತ್ತು. ಮರಣವಿಧಿಯನ್ನು ಕುರಿತ ನಮ್ಮ ಮಹಾಗ್ರಂಥವಾದ ಶಿವಾರ್ಯರ ‘ಭಗವತೀ ಆರಾಧನಾ’ ಆ ಯಾಪನೀಯ ಪರಂಪರೆಯದೇ ಎಂಬುದು ಪಂಡಿತ ನಾಥೂರಾಮ ಪ್ರೇಮಿಯವರೂ, ಬೆಳಗಾವಿ ಜಿಲ್ಲೆಯ ಸದಲಗೆಯವರೇ ಆದ ಡಾ. ಆ. ನೇ. ಉಪಾಧ್ಯೆಯವರೂ ಸಮರ್ಥಿಸಿದ ಮತ. ಆದ್ದರಿಂದ ಈ ನೆಲದ ಬಸದಿಗಳಲ್ಲಿ ಕುಳಿತಿದ್ದ ಗುರುಗಳ ಪರಂಪರೆ ಸಾವನ್ನು ಕುರಿತು ಏನನ್ನು ಬೋಧಿಸುತ್ತಿತ್ತು ಎಂದು ಕೇಳುವುದು ಉಚಿತವೇ ಆಗಿದೆ.

ಭಗವತೀ ಆರಾಧನೆಯಲ್ಲಿ ‘ಕವಚ’ವೆಂಬ ಅಧಿಕಾರವೊಂದಿದೆ. ಸಲ್ಲೇಖನ ವ್ರತದಲ್ಲಿರುವ ಕ್ಷಪಕನಿಗೆ ಹಸಿವು, ನೀರಡಿಕೆ, ನೋವುಗಳಿಂದ ಮನಸ್ಸು ಚಲಿಸುವ ಸಂದರ್ಭ ಬಂದಾಗ ನಿರ್ಯಾಪಕಾಚಾರ್ಯನು ಪೂರ್ವದ ಮಹಾಮುನಿಗಳ ದೃಷ್ಟಾಂತಗಳನ್ನು ಹೇಳಿ ಧೈರ್ಯ ತುಂಬುತ್ತಾನೆ. ಯೋಧನಿಗೆ ಕವಚವಿದ್ದಂತೆ ಕ್ಷಪಕನಿಗೆ ಈ ಉಪದೇಶ. ಇಲ್ಲಿಯ ಗಾಹೆಗಳನ್ನೇ ತಲೆಯಲ್ಲಿಟ್ಟುಕೊಂಡು ಹತ್ತೊಂಬತ್ತು ಕಥೆಗಳಾಗಿ ಹಬ್ಬಿದ ಕನ್ನಡ ಗ್ರಂಥವೇ ‘ವಡ್ಡಾರಾಧನೆ’. ೧೯೪೯ರಲ್ಲಿ ಪ್ರೊ. ಡಿ. ಎಲ್. ನರಸಿಂಹಾಚಾರ್ಯರು ಅದನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಸುಕುಮಾರಸ್ವಾಮಿಯ ಕಥೆ ಕನ್ನಡ ಓದುಗರೆಲ್ಲರ ಸ್ವತ್ತಾಯಿತು. ಸುಕುಮಾರನನ್ನು ನರಿ ತನ್ನ ಮರಿಗಳೊಡನೆ ತಿಂದಿತು. ಕಾರ್ತಿಕ ಋಷಿಗೆ ಕ್ರೌಂಚರಾಜನಿಂದ ಆಯುಧಘಾತವಾಯಿತು. ಐನೂರ್ವರು ಋಷಿಗಳು ಗಾಣದಲ್ಲಿ ಅರೆಯಲ್ಪಟ್ಟರು. ಚಾಣಕ್ಯ ಋಷಿ ಸುಬಂಧುವು ಹಚ್ಚಿಸಿದ ಬೆಂಕಿಯಲ್ಲಿ ಬೆಂದನು.

ಮೇಲುನೋಟಕ್ಕೆ ಇವು ಹುತಾತ್ಮರ ಕಥೆಗಳಂತೆಯೇ ಕಾಣುತ್ತವೆ. ಆದರೆ ಗಮನಿಸತಕ್ಕ ಭೇದವೊಂದಿದೆ. ಪಶ್ಚಿಮದ ಮತಗಳಲ್ಲಿ ಧರ್ಮಕ್ಕಾಗಿ ಸತ್ತವನಿಗೆ ಸಲ್ಲುವ ಗ್ರೀಕಿನ ‘ಮಾರ್ತುಸ್’ ಮತ್ತು ಅರಬ್ಬಿಯ ‘ಶಹೀದ್’ ಎಂಬೆರಡು ಶಬ್ದಗಳ ಮೂಲಾರ್ಥವೂ ‘ಸಾಕ್ಷಿ’ ಎಂದೇ. ಅಲ್ಲಿ ಸಾವು ಲೋಕದೆದುರು ನುಡಿದ ಸಾಕ್ಷ್ಯ. ಆರಾಧನೆಯ ಮುನಿಗೆ ಸಾಕ್ಷಿಯ ಗೊಡವೆಯಿಲ್ಲ. ಕಾಡಿನಲ್ಲಿ ಒಂಟಿಯಾಗಿ ನರಿಗೆ ಆಹಾರವಾದವನೂ, ರಾಜಾಜ್ಞೆಯಿಂದ ಊರ ನಡುವೆ ಸತ್ತವನೂ, ವ್ಯಾಧಿಯಿಂದ ಸತ್ತವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕೊಂದವನು ದೇವನೋ ಮನುಷ್ಯನೋ ಪಶುವೋ ಅಚೇತನವೋ ಎಂಬುದರಿಂದ ಉಪಸರ್ಗವು ನಾಲ್ಕು ಬಗೆಯಾದೀತೇ ಹೊರತು ಆರಾಧಕನ ಫಲ ಬೇರೆಯಾಗುವುದಿಲ್ಲ. ಕೊಂದವನು ಹೆಚ್ಚಿನ ಕಥೆಗಳಲ್ಲಿ ಹಿಂದಿನ ಭವದ ವೈರದಿಂದ ಬಂದವನು; ಅವನ ಮೇಲೆ ಮುನಿಗೆ ಕೋಪವಿಲ್ಲ. ಕೋಪ ಬಂದರೆ ಆ ಕ್ಷಣವೇ ಆರಾಧನೆ ಕೆಟ್ಟಿತು. ಆದ್ದರಿಂದ ನಮ್ಮಲ್ಲಿ ಮರಣಕ್ಕೆ ಬೆಲೆ ಬಂದದ್ದು ಸತ್ತ ಕಾರಣದಿಂದಲ್ಲ, ಸಾಯುವ ಹೊತ್ತಿನ ಪರಿಣಾಮಶುದ್ಧಿಯಿಂದ.

ಇನ್ನು ಶಾಸ್ತ್ರವಿಧಿಯನ್ನು ನೋಡಬಹುದು. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನಕ್ಕೆ ಲಕ್ಷಣ ಹೇಳುವಾಗ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕು ನಿಮಿತ್ತಗಳನ್ನು ಎಣಿಸಿ, ಅವುಗಳಿಗೆಲ್ಲ ‘ನಿಃಪ್ರತೀಕಾರ’ವೆಂಬ ವಿಶೇಷಣವನ್ನು ಹಚ್ಚಿದ್ದಾರೆ. ಅಂದರೆ ಪರಿಹಾರವೇ ಇಲ್ಲದ ಸ್ಥಿತಿಯಲ್ಲಿ ಮಾತ್ರ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನ. ಪರಿಹಾರವಿದ್ದರೆ ಅದು ಸಲ್ಲೇಖನವಾಗದು. ಪೂಜ್ಯಪಾದರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಇಪ್ಪತ್ತೆರಡನೆಯ ಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ವ್ಯಾಖ್ಯಾನದಲ್ಲಿ ಇದನ್ನೇ ವ್ಯಾಪಾರಿಯ ದೃಷ್ಟಾಂತದಿಂದ ತಿಳಿಸುತ್ತಾರೆ. ಬೆಲೆಬಾಳುವ ಸರಕನ್ನು ತುಂಬಿದ ಮನೆಗೆ ಕೇಡು ಬಂದರೆ ವ್ಯಾಪಾರಿ ಮೊದಲು ಆ ಕೇಡನ್ನು ನಿವಾರಿಸಲು ಯತ್ನಿಸುತ್ತಾನೆ. ಮನೆ ಅಳಿಯುವುದು ಅವನಿಗೆ ಇಷ್ಟವಲ್ಲ. ಸಾಧ್ಯವಾಗದಿದ್ದರೆ ಮನೆಯ ಆಸೆಯನ್ನು ಬಿಟ್ಟು ಸರಕನ್ನು ಉಳಿಸಿಕೊಳ್ಳುತ್ತಾನೆ. ದೇಹವು ಮನೆ, ವ್ರತಶೀಲಗಳು ಸರಕು.

ಈ ದೃಷ್ಟಾಂತದ ಪೂರ್ವಾರ್ಧವನ್ನು ನಾವು ಅನೇಕ ವೇಳೆ ಮರೆಯುತ್ತೇವೆ. ಮನೆಯನ್ನು ಉಳಿಸುವ ಯತ್ನವೂ ವ್ಯಾಪಾರಿಯ ಕರ್ತವ್ಯವೇ. ಅದನ್ನು ಮಾಡದೆ ಬೆಂಕಿಯ ಕಡೆಗೆ ಓಡುವವನು ವ್ಯಾಪಾರಿಯಲ್ಲ. ಇದಕ್ಕೆ ಅನುಗುಣವಾಗಿಯೇ ಅದೇ ಅಧ್ಯಾಯದಲ್ಲಿ ಸಲ್ಲೇಖನದ ಐದು ಅತಿಚಾರಗಳನ್ನು ಎಣಿಸುವಾಗ ಬದುಕುವ ಆಸೆಯಾದ ಜೀವಿತಾಶಂಸೆಯನ್ನು ಹೇಳಿದಂತೆಯೇ ಸಾಯುವ ಆಸೆಯಾದ ಮರಣಾಶಂಸೆಯನ್ನೂ ಹೇಳಿದೆ. ಸಾವನ್ನು ಬಯಸುವುದೂ ದೋಷ. ೨೦೧೫ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರವನ್ನು ಆತ್ಮಹತ್ಯೆಯೊಡನೆ ಸಮೀಕರಿಸಿ ತೀರ್ಪಿತ್ತಾಗ, ಅದೇ ತಿಂಗಳ ಕೊನೆಗೆ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಾಗ, ನಡೆದ ಚರ್ಚೆಯಲ್ಲಿ ಈ ಅತಿಚಾರದ ಮಾತು ಇನ್ನಷ್ಟು ಮುಂದೆ ಬರಬೇಕಾಗಿತ್ತು.

ಆರಾಧನೆಯ ಟೀಕಾಕಾರರಾದ ಅಪರಾಜಿತಸೂರಿಗಳು ಮರಣದ ಹದಿನೇಳು ಭೇದಗಳನ್ನು ವಿವರಿಸುವಾಗ ‘ವಿಪ್ಪಾಣಸ’ ಮತ್ತು ‘ಗಿದ್ಧಪುಟ್ಠ’ ಎಂಬ ಎರಡು ಮರಣಗಳ ಪ್ರಸ್ತಾಪ ಬರುತ್ತದೆ. ಮೊದಲನೆಯದು ಉಸಿರನ್ನು ತಡೆದು ಸಾಯುವುದು, ಎರಡನೆಯದು ಶಸ್ತ್ರದಿಂದ ಸಾಯುವುದು. ಇವಕ್ಕೆ ನಿಷೇಧವನ್ನು ಹೇಳಿಲ್ಲ. ಆದರೆ ನಿಬಂಧನೆಗಳು ಕಠಿಣವಾಗಿವೆ. ದುರ್ಭಿಕ್ಷ, ದಾಟಲಾಗದ ಅಡವಿ, ದುಷ್ಟ ಅರಸನ ಭಯ, ಕಳ್ಳರ ಭಯ, ಚಾರಿತ್ರನಾಶದ ಪ್ರಸಂಗ ಇವುಗಳಲ್ಲಿ ಒಂದು ಬಂದಿರಬೇಕು. ಅದನ್ನು ಸಹಿಸುವ ಶಕ್ತಿ ಇಲ್ಲವಾಗಿರಬೇಕು. ಪಾರಾಗುವ ಉಪಾಯವೂ ಇಲ್ಲವಾಗಿರಬೇಕು. ಇಲ್ಲಿಯೂ ಉಪಾಯದ ಪ್ರಶ್ನೆ ಮೊದಲು, ಮರಣದ ಪ್ರಶ್ನೆ ಆಮೇಲೆ.

ಹಾಗಾದರೆ ಮತವನ್ನು ಮರೆಸಿಕೊಳ್ಳುವುದು ಈ ‘ಉಪಾಯ’ಗಳಲ್ಲಿ ಸೇರುತ್ತದೆಯೇ? ಭಗವತೀ ಆರಾಧನೆಯಲ್ಲಿಯೇ ಇದಕ್ಕೊಂದು ಸೂಚನೆ ಸಿಗುತ್ತದೆ. ಅಂತ್ಯಕಾಲದಲ್ಲಿ ನಿರ್ಗ್ರಂಥಲಿಂಗವನ್ನು ಧರಿಸುವುದು ಉತ್ಸರ್ಗ, ಅಂದರೆ ಸಾಮಾನ್ಯ ವಿಧಿ. ಆದರೆ ವಸತಿ ಯೋಗ್ಯವಾಗಿಲ್ಲದವನಿಗೆ, ಸಿರಿವಂತನಿಗೆ, ಲಜ್ಜಾಶೀಲನಿಗೆ ಮತ್ತು ಬಂಧುಗಳು ಮಿಥ್ಯಾದೃಷ್ಟಿಗಳಾಗಿರುವವನಿಗೆ ಅಪವಾದಲಿಂಗವು ಸಲ್ಲುತ್ತದೆ, ಅಂದರೆ ವಸ್ತ್ರ ಧರಿಸಿಯೇ ಆರಾಧನೆ ಮಾಡಬಹುದು. ಸುತ್ತಲಿನವರು ಪ್ರತಿಕೂಲರಾಗಿದ್ದರೆ ಹೊರಚಿಹ್ನೆಯನ್ನು ಬಿಡುವುದರಿಂದ ಒಳಗಿನ ಆರಾಧನೆ ಕೆಡುವುದಿಲ್ಲ ಎಂಬ ಭಾವ ಇಲ್ಲಿ ಸ್ಪಷ್ಟವಾಗಿದೆ. ಶ್ವೇತಾಂಬರ ಆಗಮವಾದ ‘ಉಪಾಸಕದಶಾ’ದಲ್ಲಿ ಆನಂದ ಶ್ರಾವಕನು ಅನ್ಯದೇವತೆಗಳಿಗೆ ವಂದಿಸುವುದಿಲ್ಲವೆಂದು ವ್ರತ ಹಿಡಿಯುವಾಗ ಆರು ಹೊರತುಗಳನ್ನು ಇಟ್ಟುಕೊಳ್ಳುತ್ತಾನೆ: ರಾಜಾಭಿಯೋಗ, ಗಣಾಭಿಯೋಗ, ಬಲಾಭಿಯೋಗ, ದೇವತಾಭಿಯೋಗ, ಗುರುನಿಗ್ರಹ, ವೃತ್ತಿಕಾಂತಾರ. ಅರಸನ, ಸಮೂಹದ, ಬಲಿಷ್ಠನ ಅಥವಾ ದೇವತೆಯ ಒತ್ತಾಯ, ಹಿರಿಯರ ನಿರ್ಬಂಧ, ಜೀವನೋಪಾಯದ ಸಂಕಟ ಇವುಗಳಿಂದ ನಡೆದುಹೋದದ್ದು ವ್ರತಭಂಗವಲ್ಲ. ಗೃಹಸ್ಥನ ಬಾಳು ಎಂಥ ಒತ್ತಡಗಳ ನಡುವೆ ಸಾಗುತ್ತದೆಂಬ ಅರಿವು ಈ ಪಟ್ಟಿಯಲ್ಲಿದೆ.

ದಿಗಂಬರ ಶ್ರಾವಕಾಚಾರದ ಸ್ವರ ಇದಕ್ಕಿಂತ ಬಿಗಿಯಾದುದು. ಭಯದಿಂದಾಗಲಿ, ಆಸೆಯಿಂದಾಗಲಿ, ಸ್ನೇಹದಿಂದಾಗಲಿ, ಲೋಭದಿಂದಾಗಲಿ ಶುದ್ಧದೃಷ್ಟಿಯುಳ್ಳವನು ಕುದೇವ, ಕುಶಾಸ್ತ್ರ, ಕುಲಿಂಗಿಗಳಿಗೆ ಪ್ರಣಾಮ ಮಾಡಕೂಡದೆಂದು ರತ್ನಕರಂಡಕವು ವಿಧಿಸುತ್ತದೆ. ಇಲ್ಲಿ ‘ಭಯ’ವನ್ನು ಹೆಸರಿಸಿಯೇ ನಿಷೇಧಿಸಲಾಗಿದೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಒಂದಾದ ‘ಉಪಗೂಹನ’ವನ್ನು ಕೆಲವರು ಈ ಸಂದರ್ಭಕ್ಕೆ ಎಳೆತರುವುದುಂಟು, ಅದು ತಪ್ಪು. ಅಶಕ್ತರಿಂದ ಮಾರ್ಗಕ್ಕೆ ಬರುವ ನಿಂದೆಯನ್ನು ಮುಚ್ಚುವುದು ಉಪಗೂಹನವೇ ಹೊರತು ತನ್ನ ಶ್ರದ್ಧೆಯನ್ನು ಮುಚ್ಚಿಕೊಳ್ಳುವುದಲ್ಲ.

ಹೀಗೆ ವಿಧಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲು. ಇವೆರಡರ ನಡುವಿನ ಮೇರೆಯನ್ನು ತೋರಿಸಿಕೊಡುವವು ಕಥೆಗಳು. ಅವುಗಳಲ್ಲಿ ಮೊದಲನೆಯದು ರತ್ನಕರಂಡಕದ ಕರ್ತೃಗಳೆಂದು ಪರಂಪರೆಯು ಗೌರವಿಸುವ ಸಮಂತಭದ್ರರದೇ.

ಪ್ರಭಾಚಂದ್ರರ ಸಂಸ್ಕೃತ ಗದ್ಯ ಕಥಾಕೋಶದಲ್ಲಿಯೂ, ದೇವಚಂದ್ರನು ೧೮೩೮ರಲ್ಲಿ ರಚಿಸಿದ ಕನ್ನಡ ‘ರಾಜಾವಳೀಕಥೆ’ಯಲ್ಲಿಯೂ ಈ ಕಥೆಯಿದೆ. ಸಮಂತಭದ್ರರಿಗೆ ತಿಂದದ್ದೆಲ್ಲ ಬೂದಿಯಾಗುವ ಭಸ್ಮಕವ್ಯಾಧಿ ಬಂತು. ರಾಜಾವಳೀಕಥೆಯ ಪ್ರಕಾರ ಅವರು ಗುರುಗಳ ಬಳಿಗೆ ಹೋಗಿ ಸಲ್ಲೇಖನವನ್ನು ಬೇಡಿದರು. ಗುರುಗಳು ಕೊಡಲಿಲ್ಲ. ನಿನ್ನಿಂದ ಧರ್ಮಕ್ಕೆ ಮುಂದೆ ಉಪಕಾರವಾಗಬೇಕಾಗಿದೆ, ದೀಕ್ಷೆಯನ್ನು ಇಳಿಸಿಟ್ಟು ರೋಗವನ್ನು ಕಳೆದುಕೋ ಎಂದರು. ಕಥಾಕೋಶದಲ್ಲಿ ಅವರು ಪುಂಡ್ರವರ್ಧನದಲ್ಲಿ ಬೌದ್ಧ ಭಿಕ್ಷುವಾಗಿ, ದಶಪುರದಲ್ಲಿ ಪರಿವ್ರಾಜಕನಾಗಿ, ಕೊನೆಗೆ ವಾರಾಣಸಿಯಲ್ಲಿ ಶೈವಯೋಗಿಯಾಗಿ ವೇಷ ತಾಳಿದರು. ರಾಜಾವಳೀಕಥೆಯಲ್ಲಿ ಈ ಪ್ರಸಂಗ ಕಂಚಿಯಲ್ಲಿ ನಡೆಯುತ್ತದೆ. ಶಿವಕೋಟಿ ರಾಜನ ಗುಡಿಯಲ್ಲಿ ದೇವರಿಗೆ ಅರ್ಪಿಸಿದ ಅನ್ನರಾಶಿಯನ್ನು ಬಾಗಿಲು ಮುಚ್ಚಿ ತಾವೇ ಉಂಡರು. ವ್ಯಾಧಿ ಇಳಿದಂತೆ ಅನ್ನ ಉಳಿಯತೊಡಗಿತು, ಗುಟ್ಟು ಹೊರಬಿತ್ತು. ಅರಸನು ಲಿಂಗಕ್ಕೆ ನಮಸ್ಕರಿಸೆಂದು ಆಜ್ಞಾಪಿಸಿದನು.

ಅಲ್ಲಿಗೆ ವೇಷಾಂತರ ನಿಂತಿತು. ಬಟ್ಟೆಯನ್ನು ಮೂರು ಬಾರಿ ಬದಲಿಸಿದವರು ತಲೆಯನ್ನು ಒಂದು ಬಾರಿಯೂ ಬಾಗಿಸಲಿಲ್ಲ. ಅವರು ಇಪ್ಪತ್ತನಾಲ್ಕು ತೀರ್ಥಂಕರರ ಸ್ತುತಿಯನ್ನು ತೊಡಗಿದರು. ಎಂಟನೆಯ ಚಂದ್ರಪ್ರಭರ ಸ್ತುತಿಗೆ ಬಂದಾಗ ಲಿಂಗದಿಂದ ಜಿನಬಿಂಬ ಮೂಡಿತೆಂದು ಕಥೆ ಹೇಳುತ್ತದೆ. ಪವಾಡವನ್ನು ನಂಬುವುದೂ ಬಿಡುವುದೂ ಓದುಗರ ಇಚ್ಛೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೆ. ‘ನಿಃಪ್ರತೀಕಾರ’ವಲ್ಲದ ರೋಗಕ್ಕೆ ಸಲ್ಲೇಖನ ಸಲ್ಲದೆಂಬ ಲಕ್ಷಣವನ್ನೂ, ಭಯದಿಂದ ಪ್ರಣಾಮ ಕೂಡದೆಂಬ ವಿಧಿಯನ್ನೂ ಬರೆದವರ ಜೀವನದಲ್ಲಿಯೇ ಕಥೆಯು ಈ ಎರಡನ್ನೂ ನಡೆಸಿ ತೋರಿಸಿದೆ. ಮರೆಸಿದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು: ಲಿಂಗವನ್ನು ಬಿಟ್ಟ ಮುನಿ ಮತ್ತೆ ದೀಕ್ಷೆ ಪಡೆದನು. ನಮಸ್ಕಾರವನ್ನು ಒತ್ತಾಯಿಸಿದ ಶಿವಕೋಟಿಯೇ ಶಿಷ್ಯನಾಗಿ ಆರಾಧನೆಯನ್ನು ರಚಿಸಿದನೆಂದು ಕಥಾಕೋಶವು ಹೇಳುತ್ತದೆ. ಇತಿಹಾಸದೃಷ್ಟಿಯಿಂದ ಇದು ನಿಲ್ಲುವುದಿಲ್ಲ; ಆದರೆ ಮರಣವಿಧಿಯ ಗ್ರಂಥವನ್ನೂ ಮರೆಸಿ ಬದುಕಿದ ಗುರುವಿನ ಕಥೆಯನ್ನೂ ಪರಂಪರೆಯು ಒಂದೇ ದಾರದಲ್ಲಿ ಪೋಣಿಸಿತೆಂಬುದು ಅರ್ಥಪೂರ್ಣವಾಗಿದೆ.

ಎರಡನೆಯದು ಅಕಲಂಕ–ನಿಷ್ಕಲಂಕರ ಕಥೆ. ಜೈನ ತರ್ಕಶಾಸ್ತ್ರದ ಪ್ರತಿಷ್ಠಾಪಕರಾದ ಅಕಲಂಕದೇವರ ಐತಿಹಾಸಿಕತೆಯಲ್ಲಿ ಸಂಶಯವಿಲ್ಲ. ಅವರ ಬಾಲ್ಯದ ಕಥೆ ಮಾತ್ರ ಕಥೆಯೇ. ಕಥಾಕೋಶವು ಅವರ ತಂದೆಯನ್ನು ಮಾನ್ಯಖೇಟದ ಶುಭತುಂಗನ ಮಂತ್ರಿ ಪುರುಷೋತ್ತಮನೆನ್ನುತ್ತದೆ. ರಾಜಾವಳೀಕಥೆ ಜಿನದಾಸನೆಂಬ ಬ್ರಾಹ್ಮಣನೆನ್ನುತ್ತದೆ. ‘ತತ್ತ್ವಾರ್ಥರಾಜವಾರ್ತಿಕ’ದ ಮೊದಲ ಅಧ್ಯಾಯದ ಕೊನೆಯ ಪದ್ಯವು ಲಘುಹವ್ವನೆಂಬ ನೃಪತಿಯೆನ್ನುತ್ತದೆ. ಹೀಗೆ ಮೂವರು ತಂದೆಗಳು ಕಾಣಿಸಿಕೊಂಡಾಗ ಕಥೆಯನ್ನು ಚರಿತ್ರೆಯಾಗಿ ಓದುವುದನ್ನು ಬಿಟ್ಟು, ಅದನ್ನು ಉಳಿಸಿಕೊಂಡು ಬಂದ ಸಮಾಜದ ಮನಸ್ಸನ್ನು ಓದಬೇಕಾಗುತ್ತದೆ.

ಬೌದ್ಧರ ತರ್ಕವನ್ನು ಅವರಿಂದಲೇ ಕಲಿಯಲು ಅಣ್ಣತಮ್ಮಂದಿರು ತಾವು ಜೈನರೆಂಬುದನ್ನು ಮರೆಸಿ ವಿಹಾರವನ್ನು ಸೇರಿದರು. ಒಂದು ದಿನ ಆಚಾರ್ಯನು ಅನೇಕಾಂತಖಂಡನೆಯ ಪಾಠ ಹೇಳುತ್ತಿದ್ದಾಗ ಸಪ್ತಭಂಗಿಯ ವಾಕ್ಯದ ಪಾಠ ಅಶುದ್ಧವಾಗಿದ್ದುದರಿಂದ ಅರ್ಥವಾಗದೆ ಎದ್ದುಹೋದನು. ಅಕಲಂಕನು ಗುಟ್ಟಾಗಿ ಆ ಪಾಠವನ್ನು ತಿದ್ದಿಟ್ಟನು. ಆ ತಿದ್ದುಪಡಿಯೇ ಒಳಗೊಬ್ಬ ಜೈನನಿದ್ದಾನೆಂಬ ಸಂಶಯಕ್ಕೆ ಕಾರಣವಾಯಿತು. ಹಸ್ತಪ್ರತಿಗಳ ನಡುವೆ ಬದುಕುವ ನಮ್ಮಂಥವರಿಗೆ ಈ ವಿವರ ಹೃದ್ಯವಾದುದು. ವೇಷವನ್ನು ಮರೆಸಬಲ್ಲವನೂ ಅಪಪಾಠವನ್ನು ಕಂಡು ಸುಮ್ಮನಿರಲಾರ!

ಪರೀಕ್ಷೆಗಾಗಿ ಜಿನಪ್ರತಿಮೆಯೊಂದನ್ನು ತರಿಸಿ ಎಲ್ಲರೂ ಅದನ್ನು ದಾಟಬೇಕೆಂದು ವಿಧಿಸಲಾಯಿತು. ಅಕಲಂಕನು ಪ್ರತಿಮೆಯ ಮೇಲೆ ನೂಲೆಳೆಯೊಂದನ್ನು ಹಾಕಿ ದಾಟಿದನು. ಎಳೆಯಷ್ಟು ಪರಿಗ್ರಹ ಬಂದರೂ ಅದು ನಿರ್ಗ್ರಂಥ ಬಿಂಬವಲ್ಲ. ಆದ್ದರಿಂದ ದಾಟಿದ್ದು ಜಿನನನ್ನಲ್ಲ ಎಂಬುದು ಅವನ ಸಮಾಧಾನ. ಆಮೇಲೆ ಒಂದು ರಾತ್ರಿ ಎಲ್ಲರೂ ಮಲಗಿದ್ದಾಗ ಪಾತ್ರೆಗಳನ್ನು ಎತ್ತರದಿಂದ ಕೆಡವಿ ಭಯಂಕರ ಸಪ್ಪಳ ಮಾಡಿಸಿದರು. ಬೆಚ್ಚಿಬಿದ್ದ ಪ್ರತಿಯೊಬ್ಬನ ಬಾಯಿಂದ ಅವರವರ ದೇವರ ಹೆಸರು ಬಂತು. ಇವರ ಬಾಯಿಂದ ಪಂಚನಮಸ್ಕಾರ ಬಂತು. ಜಾಣತನದಿಂದ ಮೊದಲ ಪರೀಕ್ಷೆಯನ್ನು ಗೆದ್ದವರು ಎರಡನೆಯದರಲ್ಲಿ ಸಿಕ್ಕಿಬಿದ್ದರು. ಎಚ್ಚರದಲ್ಲಿ ಮರೆಸಿದ್ದನ್ನು ನಿದ್ದೆಗಣ್ಣಿನಲ್ಲಿ ಮರೆಸಲಾಗಲಿಲ್ಲ. ಕಥೆಗಾರನು ಇದನ್ನು ಸೋಲೆಂದು ಹೇಳಿಲ್ಲ. ನಂಬಿಕೆ ಎಷ್ಟು ಆಳದಲ್ಲಿತ್ತೆಂಬುದಕ್ಕೆ ಇದೇ ಪ್ರಮಾಣ.

ತಪ್ಪಿಸಿಕೊಂಡು ಓಡುವಾಗ ಕುದುರೆ ಸವಾರರು ಬೆನ್ನಟ್ಟಿದರು. ಒಮ್ಮೆ ಕೇಳಿದ್ದನ್ನು ಮರೆಯದ ನಿನ್ನಿಂದ ದರ್ಶನ ಉಳಿಯಬೇಕು, ನೀನು ಈ ಕೊಳದಲ್ಲಿ ಅಡಗಿಕೋ ಎಂದು ನಿಷ್ಕಲಂಕನು ಅಣ್ಣನನ್ನು ಒಪ್ಪಿಸಿದನು. ಅಕಲಂಕನು ತಾವರೆಯೆಲೆಗಳ ಮರೆಯಲ್ಲಿ ಉಳಿದನು. ತಮ್ಮನು ಓಡುತ್ತ ಹೋಗಿ ಕೊಲೆಯಾದನು. ಪರಂಪರೆಯು ಇಬ್ಬರನ್ನೂ ಗೌರವಿಸುತ್ತದೆ. ಅಡಗಿದವನು ಹೇಡಿಯಲ್ಲ, ಸತ್ತವನು ಮಾತ್ರವೇ ಧೀರನಲ್ಲ. ತಮ್ಮನ ಸಾವಿಗೆ ಅರ್ಥ ಬಂದದ್ದು ಅಣ್ಣನು ಉಳಿದು ರಾಜವಾರ್ತಿಕ, ಅಷ್ಟಶತಿ, ಲಘೀಯಸ್ತ್ರಯ, ನ್ಯಾಯವಿನಿಶ್ಚಯಗಳನ್ನು ಬರೆದದ್ದರಿಂದ.

ಆದರೆ ಈ ಕಥೆಯಲ್ಲಿ ಇನ್ನೊಬ್ಬನಿದ್ದಾನೆ. ಬಟ್ಟೆ ಒಗೆಯುತ್ತಿದ್ದ ಅಗಸನೊಬ್ಬನು ನಿಷ್ಕಲಂಕನು ಓಡುವುದನ್ನು ಕಂಡು ಕಾರಣ ಕೇಳಿದನು. ಶತ್ರುಗಳು ಕಂಡವರನ್ನೆಲ್ಲ ಕೊಲ್ಲುತ್ತ ಬರುತ್ತಿದ್ದಾರೆಂದು ತಿಳಿದು ತಾನೂ ಜೊತೆಗೆ ಓಡಿದನು. ಬೆನ್ನಟ್ಟಿದವರು ಇಬ್ಬರನ್ನೂ ಕಂಡು ಇವರೇ ಆ ಸೋದರರೆಂದು ಭಾವಿಸಿ ಕೊಂದರು. ಅವನ ಹೆಸರನ್ನು ಕಥೆ ಹೇಳುವುದಿಲ್ಲ. ಯಾವ ಸಿದ್ಧಾಂತಕ್ಕೂ ಸೇರದ ಅವನು ಅಣ್ಣನಿಗೆ ಬದಲಾಗಿ ಸತ್ತನು. ಮರೆಸಿಕೊಂಡು ಬದುಕುವುದರ ಬೆಲೆ ಕೆಲವೊಮ್ಮೆ ಸಂಬಂಧವಿಲ್ಲದವನ ತಲೆಯ ಮೇಲೆ ಬೀಳುತ್ತದೆಂಬುದನ್ನು ಕಥೆಯು ವ್ಯಾಖ್ಯಾನವಿಲ್ಲದೆ ಇಟ್ಟುಬಿಟ್ಟಿದೆ. ಅಹಿಂಸೆಯನ್ನು ಪರಮಧರ್ಮವೆನ್ನುವ ನಾವು ಈ ಕಥೆಯನ್ನು ಹೇಳುವಾಗ ಅಗಸನನ್ನು ಬಿಟ್ಟು ಹೇಳಬಾರದು.

ಇದೇ ಕಥೆಯ ಮತ್ತೊಂದು ರೂಪ ಶ್ವೇತಾಂಬರರಲ್ಲಿದೆ. ೧೨೭೭ರ ‘ಪ್ರಭಾವಕಚರಿತ’ದಲ್ಲಿ ಹರಿಭದ್ರಸೂರಿಗಳ ಸೋದರಳಿಯಂದಿರಾದ ಹಂಸ–ಪರಮಹಂಸರು ಹೀಗೆಯೇ ಬೌದ್ಧರಲ್ಲಿ ಓದಲು ಹೋಗುತ್ತಾರೆ, ಜಿನಬಿಂಬದ ಮೇಲೆ ಯಜ್ಞೋಪವೀತದ ಗೆರೆ ಎಳೆದು ದಾಟುತ್ತಾರೆ, ಕೊನೆಗೆ ಇಬ್ಬರೂ ಸಾಯುತ್ತಾರೆ. ಒಂದೇ ಆಶಯ ಎರಡು ಕಡೆ ತಿರುಗಾಡಿರುವುದರಿಂದ ಇದನ್ನು ಬೌದ್ಧರ ಕ್ರೌರ್ಯಕ್ಕೆ ಪ್ರಮಾಣವಾಗಿ ಬಳಸುವುದು ನ್ಯಾಯವಲ್ಲ. ಕಥೆ ಗಮನಿಸುವುದು ಮುಂದಿನದನ್ನು. ಶೋಕದಿಂದ ಕುದಿದ ಹರಿಭದ್ರರು ಬೌದ್ಧರ ಮೇಲೆ ಸೇಡು ತೀರಿಸಲು ಹೊರಟಾಗ ಗುರುಗಳು ಕೋಪದ ಭವಪರಂಪರೆಯನ್ನು ನೆನಪಿಸುವ ಗಾಹೆಗಳನ್ನು ಕಳುಹಿಸಿ ಶಾಂತಗೊಳಿಸಿದರು. ಹರಿಭದ್ರರು ಪಶ್ಚಾತ್ತಾಪದಿಂದ ಗ್ರಂಥರಚನೆಗೆ ತೊಡಗಿದರು. ಧರ್ಮಕ್ಕಾಗಿ ಸತ್ತವರ ಹೆಸರಿನಲ್ಲಿ ಕೊಲ್ಲುವುದಕ್ಕೆ ಪರಂಪರೆಯು ಕೊಟ್ಟ ಉತ್ತರವಿದು.

ಹಸ್ತಪ್ರತಿಗಳ ಇತಿಹಾಸದ ದೃಷ್ಟಿಯಿಂದ ಒಂದು ಮಾತು. ೯೩೧ರ ಸುಮಾರಿಗೆ ಹರಿಷೇಣನು ರಚಿಸಿದ, ೧೯೪೩ರಲ್ಲಿ ಉಪಾಧ್ಯೆಯವರು ಸಂಪಾದಿಸಿದ ‘ಬೃಹತ್ಕಥಾಕೋಶ’ದಲ್ಲಿ ಸಮಂತಭದ್ರ–ಅಕಲಂಕರ ಕಥೆಗಳಿಲ್ಲ. ಅವು ಅನಂತರದ ಪ್ರಭಾಚಂದ್ರರ ಕೋಶದಲ್ಲಿ ಸೇರಿದವು. ಅಂದರೆ ಆರಾಧನೆಯ ಹಳೆಯ ಪದರದಲ್ಲಿ ಸಹಿಸಿ ಸತ್ತವರ ಕಥೆಗಳಿವೆ. ಮೇಲಿನ ಪದರದಲ್ಲಿ ಮರೆಸಿ ಉಳಿದವರ ಕಥೆಗಳು ಸೇರಿವೆ. ವಾದಸಭೆಗಳ, ಮತಸಂಘರ್ಷದ ಕಾಲ ಬಂದಾಗ ಸಮಾಜಕ್ಕೆ ಎರಡನೆಯ ಬಗೆಯ ದೃಷ್ಟಾಂತಗಳೂ ಬೇಕಾದವೆಂದು ಊಹಿಸಬಹುದು. ಶ್ರವಣಬೆಳಗೊಳದ ಪಾರ್ಶ್ವನಾಥ ಬಸದಿಯಲ್ಲಿರುವ ಶಕ ೧೦೫೦ರ (ಕ್ರಿ.ಶ. ೧೧೨೯) ಮಲ್ಲಿಷೇಣ ಪ್ರಶಸ್ತಿಯು ಸಮಂತಭದ್ರರ ಭಸ್ಮಕವ್ಯಾಧಿಯನ್ನೂ ಹಿಮಶೀತಳನ ಸಭೆಯಲ್ಲಿ ಅಕಲಂಕರ ವಾದವನ್ನೂ ಸ್ಮರಿಸುತ್ತದೆ. ಆ ಶಾಸನವಾದರೋ ಮಲ್ಲಿಷೇಣ ಮಲಧಾರಿಗಳ ಸಮಾಧಿಮರಣದ ಸ್ಮಾರಕ. ಸಲ್ಲೇಖನದಿಂದ ಮುಡಿಪಿದ ಗುರುವಿನ ನಿಸಿಧಿಯ ಮೇಲೆಯೇ ವೇಷ ಮರೆಸಿ ಬದುಕಿದವರೆಂದು ಕಥೆಗಳು ಹೇಳುವ ಆಚಾರ್ಯರ ಸ್ತುತಿಯೂ ನಿಂತಿದೆ.

ಅನ್ಯದೇಶಗಳ ಇತಿಹಾಸದಲ್ಲಿಯೂ ಈ ಸಂಕಟ ಅಪರಿಚಿತವಲ್ಲ. ಕಾರ್ಥೇಜಿನ ಕ್ರೈಸ್ತ ಧರ್ಮಾಧ್ಯಕ್ಷ ಸಿಪ್ರಿಯನನು ೨೫೦ರ ರೋಮನ್ ದಬ್ಬಾಳಿಕೆಯಲ್ಲಿ ಅಡಗಿಕೊಂಡು ತನ್ನ ಸಭೆಯನ್ನು ಪತ್ರಗಳಿಂದ ನಡೆಸಿದನು. ೨೫೮ರಲ್ಲಿ ಮತ್ತೆ ಪ್ರಸಂಗ ಬಂದಾಗ ತಲೆಗೊಟ್ಟನು. ಬಲಾತ್ಕಾರಕ್ಕೆ ಸಿಕ್ಕವನು ಹೃದಯದಲ್ಲಿ ವಿಶ್ವಾಸ ದೃಢವಾಗಿದ್ದರೆ ಬಾಯಿಮಾತಿಗೆ ದೋಷಿಯಲ್ಲವೆಂಬ ತತ್ತ್ವ ಇಸ್ಲಾಮಿನಲ್ಲಿದೆ. ಷಿಯಾ ಪಂಥದಲ್ಲಿ ಅದು ‘ತಕಿಯಾ’ ಎಂಬ ಹೆಸರಿನಿಂದ ವಿಸ್ತಾರವಾಗಿ ಬೆಳೆಯಿತು. ಹನ್ನೆರಡನೆಯ ಶತಮಾನದಲ್ಲಿ ಯೆಹೂದಿ ಪಂಡಿತ ಮೈಮೊನಿಡೀಸನು ಬಲವಂತದಿಂದ ಮತಾಂತರಗೊಂಡವರಿಗೆ ಧೈರ್ಯ ಹೇಳಿ, ಸಾಧ್ಯವಾದೊಡನೆ ಸ್ವತಂತ್ರವಾಗಿ ಆಚರಿಸಬಲ್ಲ ನಾಡಿಗೆ ಹೋಗಬೇಕೆಂದು ಬರೆದನು. ಹದಿನೇಳನೆಯ ಶತಮಾನದ ಜಪಾನಿನಲ್ಲಿ ಕ್ರೈಸ್ತರನ್ನು ಪತ್ತೆಹಚ್ಚಲು ಯೇಸು–ಮರಿಯರ ಬಿಂಬವನ್ನು ನೆಲದಲ್ಲಿಟ್ಟು ತುಳಿಯಿಸುತ್ತಿದ್ದರು. ಆ ವಿಧಾನವನ್ನು ಓದಿದಾಗ ಅಕಲಂಕನ ನೂಲೆಳೆ ನೆನಪಾಗದಿರದು.

ಕರ್ನಾಟಕದ ಇತಿಹಾಸಕ್ಕೆ ಮರಳಿದರೆ ಸಂಘರ್ಷವೂ ಉಂಟು, ಸಂಧಾನವೂ ಉಂಟು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸುಮಾರು ೧೨೦೦ರ ಶಾಸನವು ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ ತಲೆಯನ್ನು ಅರಿದುಕೊಂಡು ಏಳು ದಿನಗಳ ಮೇಲೆ ಮತ್ತೆ ಪಡೆದನೆಂದೂ, ಜಿನಬಿಂಬವನ್ನು ಒಡೆದನೆಂದೂ ಹೇಳುತ್ತದೆ. ಶೈವ ವೀರಭಕ್ತಿಯಲ್ಲಿ ತಲೆಗೊಡುವುದೇ ಸಭೆಯೆದುರಿನ ಪ್ರಮಾಣ. ಆರಾಧನೆಯಲ್ಲಿ ಅಂಥ ಪ್ರಮಾಣಕ್ಕೆ ಎಡೆಯಿಲ್ಲ. ಎರಡರ ಮನೋಧರ್ಮ ಬೇರೆ. ೧೩೬೮ರಲ್ಲಿ ಶ್ರೀವೈಷ್ಣವರಿಂದ ತೊಂದರೆಯಾದಾಗ ಜೈನರು ಬುಕ್ಕರಾಯನಲ್ಲಿ ದೂರಿಟ್ಟರು. ಅರಸನು ಉಭಯರ ಕೈಗಳನ್ನು ಕೂಡಿಸಿ, ಬೆಳಗೊಳಕ್ಕೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವ ಏರ್ಪಾಟು ಮಾಡಿಸಿದನು. ೧೬೩೮ರಲ್ಲಿ ಹಳೇಬೀಡಿನ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದುದರಿಂದ ಎದ್ದ ವಿವಾದವು ವೀರಶೈವ ಮತ್ತು ಜೈನ ಪ್ರಮುಖರ ಒಪ್ಪಂದದಲ್ಲಿ ಮುಗಿಯಿತು. ಪೂಜ್ಯಪಾದರ ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ ಇವು ಮನೆಗೆ ಬಿದ್ದ ಬೆಂಕಿಯನ್ನು ಆರಿಸುವ ಯತ್ನಗಳು. ಮರೆಸುವುದಕ್ಕಿಂತಲೂ ಸಾಯುವುದಕ್ಕಿಂತಲೂ ಮೊದಲಿನ ಕರ್ತವ್ಯ ಇದೇ.

ಈವರೆಗಿನ ವಿವೇಚನೆಯನ್ನು ಹೀಗೆ ಸಂಗ್ರಹಿಸಬಹುದು. ಉಪಸರ್ಗ ಒದಗಿದಾಗ ಮೊದಲು ಅದರ ನಿವಾರಣೆ: ವಾದದಿಂದ, ರಾಜದ್ವಾರದಿಂದ, ಸಂಧಾನದಿಂದ. ಅದಾಗದಿದ್ದರೆ ವೇಷ, ಹೆಸರು, ಹೊರಚಿಹ್ನೆಗಳನ್ನು ಮರೆಸಿ ಧರ್ಮವನ್ನು ಉಳಿಸಿಕೊಳ್ಳುವುದು. ಮುನಿಯಾದವನು ಅದಕ್ಕೆ ದೀಕ್ಷಾಚ್ಛೇದದ ಬೆಲೆಯನ್ನು ತೆರಬೇಕು. ಅದೂ ಆಗದೆ ನಮಸ್ಕಾರವನ್ನೇ ಕೊಡಬೇಕಾಗಿ ಬಂದಾಗ ದೇಹದ ಆಸೆಯನ್ನು ಬಿಡುವುದು. ಆಗಲೂ ಸಾವಿನ ಬಯಕೆ ಕೂಡದು, ಕೊಲ್ಲುವವನ ಮೇಲೆ ಕೋಪ ಕೂಡದು. ಮರೆಸಬಹುದಾದದ್ದು ವೇಷ, ಮಾರಬಾರದ್ದು ನಮಸ್ಕಾರ. ರಾಜಬಲ ಮೇಲೆ ಬಿದ್ದಾಗ ಆ ಮೇರೆಯೊಳಗೆ ನಿಲ್ಲಲಾಗದ ಗೃಹಸ್ಥನಿಗೂ ಆಗಮವು ಬಾಗಿಲು ಮುಚ್ಚಿಲ್ಲವೆಂಬುದನ್ನು ಆರು ಅಭಿಯೋಗಗಳು ನೆನಪಿಸುತ್ತವೆ. ಅಂಥವನನ್ನು ಕಂಡು ನಗುವ ಅಧಿಕಾರ ಸುಖಕಾಲದಲ್ಲಿ ಹುಟ್ಟಿದ ನಮಗಿಲ್ಲ.

ಸುಗಂಧವರ್ತಿಯ, ಹೂಲಿಯ, ಹೊಂಗಲದ ಯಾಪನೀಯರು ಇಂದು ಹೆಸರಿನಿಂದ ಉಳಿದಿಲ್ಲ. ಅವರ ಗಣಗಳ ಹೆಸರುಗಳು ಕಲ್ಲಿನಲ್ಲಿ ಮಾತ್ರ ಇವೆ. ಅವರು ಪಠಿಸುತ್ತಿದ್ದ ಆರಾಧನೆಯನ್ನು ಅವರಲ್ಲದವರು ಪ್ರತಿಮಾಡಿ ಉಳಿಸಿದ್ದಾರೆ. ನಮ್ಮ ಕೈಗೆ ಬರುವ ಎಷ್ಟೋ ಓಲೆಪ್ರತಿಗಳಲ್ಲಿ ಲಿಪಿಕಾರನ ಹೆಸರಿಲ್ಲ, ಊರಿಲ್ಲ, ಕಾಲವಿಲ್ಲ. ಮೊದಲ ಗರಿಯ ಆರಂಭದಲ್ಲಿ ವೀತರಾಗನಿಗೆ ಸಲ್ಲಿಸಿದ ನಮಸ್ಕಾರ ಮಾತ್ರ ಇರುತ್ತದೆ. ತಮ್ಮ ಕುರುಹನ್ನೆಲ್ಲ ಬಿಟ್ಟವರು ಬಿಡದೆ ಉಳಿಸಿಕೊಂಡದ್ದು ಅದೊಂದನ್ನೇ.